ಹಸಿ ಪಲ್ಯ ಮುಟ್ಟದ ಬೀಗರು

ಹಸಿವು ಎಲ್ಲ ಜೀವಿಗಳನ್ನೂ ಒಂದೇ ಪಂಕ್ತಿಯಲ್ಲಿ ಕೂಡಿಸುತ್ತದೆ, ಅದರ ಮುಂದೆ ದೊಡ್ಡವರಿಲ್ಲ ಸಣ್ಣವರಿಲ್ಲ, ಹೊಟ್ಟೆ ಚುರುಗುಟ್ಟಿದರೆ ಯಾವ ಪ್ರಾಣಿಯಾದರೂ ಎದುರಿಗೆ ಇಟ್ಟದ್ದನ್ನು ತಿಂದೇ ತಿನ್ನುತ್ತದೆ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಆಮೇಲೆ ನಮ್ಮ ಮನೆಗೆ ಗಿನಿ ಪಿಗ್ ಬಂತು.

ಗಜೇಂದ್ರಗಡದ ಬಜಾರದಲ್ಲಿ ನನ್ನದು ಸೀರೆ ಅಂಗಡಿ. ಪ್ರಾಣಿಗಳ ವಿಷಯದಲ್ಲಿ ನನ್ನ ಅನುಭವವೆಂದರೆ ಅಂಗಡಿಗೆ ನುಗ್ಗುವ ಆಡನ್ನು ಓಡಿಸುವಷ್ಟರದು. ಮಗಳು ಸುಮಾ ಗದಗಿನಲ್ಲಿ ಫಾರ್ಮಸಿ ಓದುತ್ತಾಳೆ. ಅವರ ಕಾಲೇಜಿನಲ್ಲಿ ಔಷಧದ ಪ್ರಯೋಗಕ್ಕೆಂದು ಇಂಥ ಪ್ರಾಣಿಗಳನ್ನು ಸಾಕುತ್ತಾರಂತೆ. ಅವುಗಳಲ್ಲಿ ಒಂದು ಮರಿ ತೂಕ ಸಾಲದೆಂದು ಪ್ರಯೋಗಕ್ಕೆ ಬೇಡವಾಯಿತು. ದೀಪಾವಳಿ ಸೂಟಿಗೆ ಬಂದವಳು ಅದನ್ನು ರಟ್ಟಿನ ಡಬ್ಬಿಯಲ್ಲಿ ತಂದು ಪಡಸಾಲೆಯಲ್ಲಿಟ್ಟಳು.

"ಸೂಜಿ ತಪ್ಪಿಸ್ಕೊಂಡು ಬಂದೈತಿ ಅಪ್ಪಾ. ನನ್ನ ಪರೀಕ್ಷಾ ಮುಗಿಯೂ ತನಕ ನೋಡ್ಕೊ."

ನನ್ನ ಹೆಂಡತಿ ಡಬ್ಬಿಯ ಮುಚ್ಚಳ ಸರಿಸಿ ನೋಡಿದಳು. ಒಳಗೆ ಕಂದು ಬಿಳುಪು ಬಣ್ಣದ, ಬಾಲವಿಲ್ಲದ, ಕತ್ತೂ ಇಲ್ಲದ ಒಂದು ಮುದ್ದೆ ಅವಳನ್ನು ನೋಡಿತು.

"ಮಗಳ ಲಗ್ನಕ್ಕಿಂತ ಮೊದಲ ಬೀಗರು ಬಂದ್ರು ನೋಡ್ರಿ" ಎಂದಳು.

ಹೆಸರು ನಿಂತಿತು. ಬೀಗರೆಂದ ಮೇಲೆ ಏಕವಚನದಲ್ಲಿ ಮಾತನಾಡುವುದು ಸರಿಯಲ್ಲ. ಇನ್ನು ಮುಂದೆ ನಾನೂ ಬಹುವಚನವನ್ನೇ ಬಳಸುತ್ತೇನೆ.

ಕಾಲೇಜಿನಿಂದ ತಂದ ಗುಳಿಗೆಯಂಥ ಆಹಾರ ಬೇಗ ಮುಗಿಯಿತು. ಹಸಿ ತರಕಾರಿ, ಸೊಪ್ಪು ಹಾಕಬೇಕೆಂದು ಸುಮಾ ಹೇಳಿ ಹೋಗಿದ್ದಳು. ಹಾಕಿದೆವು. ಬೀಗರು ಮೂಸಿ ನೋಡಿ ಮೂಲೆಗೆ ಹೋದರು. ರೊಟ್ಟಿಯ ಚೂರು ಹಾಕಿದೆವು, ತಿಂದರು. ಚುರಮರಿ ತಿಂದರು. ಹುರಿದ ಶೇಂಗಾಕ್ಕಂತೂ ಕುಂಯ್ ಕುಂಯ್ ಎನ್ನುತ್ತ ಎದುರು ಬಂದರು. ಉಣ್ಣುತ್ತಿದ್ದಾರಲ್ಲ, ಸೊಪ್ಪನ್ನು ಇಂದಲ್ಲ ನಾಳೆ ತಿಂದಾರು ಎಂದು ನಾವು ನಿಶ್ಚಿಂತರಾದೆವು. ನೆಲದಡಿಯ ಹಗೇವಿನಲ್ಲಿ ಜೋಳ ತುಂಬಿದವರ ನಿಶ್ಚಿಂತೆ.

ಒಂದು ಮುಂಜಾನೆ ಹೆಂಡತಿ ಡಬ್ಬಿ ಕಸ ಹೊಡೆಯಲೆಂದು ಅವರನ್ನು ಎತ್ತಿದಳು. ಚೀರಿದರು.

ಸಾಮಾನ್ಯ ಚೀರಾಟವಲ್ಲ. ಕೆಳಗೆ ಬಿಟ್ಟರೆ ಹಿಂಗಾಲು ಎಳೆಯುತ್ತ ಎರಡು ಹೆಜ್ಜೆ ಹೋಗಿ ಕುಳಿತರು. ಮೈಮೇಲಿನ ಕೂದಲು ಹಳೆಯ ಬ್ರಷ್ಷಿನ ಹಾಗೆ ನಿಂತಿತ್ತು. ಶೇಂಗಾ ತೋರಿಸಿದೆ. ಬಾಯಿಗೆ ತೆಗೆದುಕೊಂಡು, ಕಚ್ಚಲಾಗದೆ ಬಿಟ್ಟರು. ಬಿದ್ದ ಕಾಳಿನ ಮೇಲೆ ಕೆಂಪಗೆ ಏನೋ ಇತ್ತು.

ರಕ್ತ.

ಪಶು ದವಾಖಾನೆಯಲ್ಲಿ ನಮ್ಮ ಮುಂದೆ ಒಂದು ಎಮ್ಮೆ, ಹಿಂದೆ ಎರಡು ಆಡು. ನನ್ನ ಕೈಯಲ್ಲಿ ಅಂಗಡಿಯ ಬಟ್ಟೆ ಚೀಲ. ಡಾಕ್ಟರು ನನ್ನ ಹಿಂದೆ ಮುಂದೆ ನೋಡಿ, "ಎಲ್ಲೈತ್ರಿ ಸಾವ್ಕಾರ್ರ, ದನಾ?" ಎಂದು ಕೇಳಿದರು.

"ಚೀಲದಾಗ ಐತ್ರಿ."

ಅವರು ಚೀಲದೊಳಗೆ ಇಣುಕಿದರು. ಎಮ್ಮೆಯ ಯಜಮಾನನೂ ಇಣುಕಿದ. ಡಾಕ್ಟರು ಪ್ರಾಮಾಣಿಕ ಮನುಷ್ಯ. ಓದುವಾಗ ಪುಸ್ತಕದಲ್ಲಿ ನೋಡಿದ್ದು ಬಿಟ್ಟರೆ ಇಂಥ ಪೇಷಂಟ್ ಇದೇ ಮೊದಲು ಎಂದರು. ಬೆರಳಿನಿಂದ ತುಟಿ ಸರಿಸಿ ವಸಡು ನೋಡಿದರು, ಮೊಣಕಾಲಿನ ಬಾವು ಒತ್ತಿ ನೋಡಿದರು.

"ಏನ್ ತಿನ್ನಸ್ತೀರಿ?"

"ರೊಟ್ಟಿ, ಚುರಮರಿ, ಶೇಂಗಾ."

"ಹಸೀದು?"

"ಮುಟ್ಟಂಗಿಲ್ರಿ."

"ಸ್ಕರ್ವಿ" ಎಂದರು ಡಾಕ್ಟರು.

ಈ ಕಾಯಿಲೆಯ ಹೆಸರನ್ನು ನಾನು ಸಾಲಿಯಲ್ಲಿ ಓದಿದ್ದೆ. ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದ ಹಡಗಿನವರಿಗೆ ಬರುತ್ತಿತ್ತಂತೆ. ನಮ್ಮ ವಂಶದಲ್ಲಿ ಹಡಗು ಹತ್ತಿದವರು ಯಾರೂ ಇಲ್ಲ. ಕೊಣ್ಣೂರ ಸೇತುವೆ ಮುಳುಗಿದಾಗ ಮಲಪ್ರಭೆಯ ದಂಡೆಗೆ ಬಸ್ಸಿನಲ್ಲಿ ಅರ್ಧ ದಿನ ಕುಳಿತದ್ದೇ ನನ್ನ ಒಟ್ಟು ಜಲಯಾನ. ಆದರೂ ನಾವಿಕರ ರೋಗ ಗಜೇಂದ್ರಗಡದ ಪಡಸಾಲೆಯನ್ನು ಹುಡುಕಿಕೊಂಡು ಬಂದಿತ್ತು.

"ವಿಟಮಿನ್ ಸಿ ಇದರ ಮೈಯಾಗ ತಯಾರಾಗಂಗಿಲ್ರಿ. ನಮ್ಮ ಮೈಯಾಗೂ ಆಗಂಗಿಲ್ಲ. ನಾವು ಕಾಯಿಪಲ್ಯ ತಿಂತೀವಿ, ನಡೀತೈತಿ. ಡ್ರಾಪ್ಸ್ ಬರದ ಕೊಡ್ತೀನಿ, ಸಿರಿಂಜಿನ್ಯಾಗ ಹಾಕ್ರಿ. ಆದ್ರ ಅದು ಬರೇ ಊರುಗೋಲ್ರಿ. ತಾನ ಹಸೀದು ತಿನ್ನೂದು ಕಲೀಬೇಕು."

"ಕಲೀಲಿಲ್ಲಂದ್ರ?"

"ಉಳಿಯಾಂಗಿಲ್ರಿ."

ಪ್ರಯೋಗಶಾಲೆಯ ಸೂಜಿಯಿಂದ ಪಾರಾದ ಜೀವ ನಮ್ಮ ಮನೆಯಲ್ಲಿ ಕೊತ್ತಂಬರಿ ಒಲ್ಲೆನೆಂದು ಸಾಯುವುದೆಂದರೆ, ಮಗಳ ಮುಂದೆ ಮಾತ್ರವಲ್ಲ, ಯಾರ ಮುಂದೆಯೂ ಹೇಳಿಕೊಳ್ಳುವ ಸಂಗತಿಯಲ್ಲ. ಚೀಲ ಎದೆಗವಚಿಕೊಂಡು ಮನೆಗೆ ನಡೆದೆ. ಒಳಗಿನ ಭಾರ ಬಹಳವೇನೂ ಇರಲಿಲ್ಲ.

ಅಲ್ಲಿಂದ ಮನೆಯ ನಿತ್ಯಕ್ರಮ ಬದಲಾಯಿತು. ಮುಂಜಾನೆ ಪೂಜೆಗೆ ಮೊದಲು ಡ್ರಾಪ್ಸ್. ಸಂಜೆ ದೀಪ ಹಚ್ಚುವ ಮೊದಲು ಡ್ರಾಪ್ಸ್. ಹೆಂಡತಿ ಅವರನ್ನು ಟವೆಲ್ಲಿನಲ್ಲಿ ಸುತ್ತಿ ಹಿಡಿಯುವುದು, ನಾನು ಕನ್ನಡಕ ಏರಿಸಿ ಬಾಯಿಯ ಬದಿಗೆ ಸಿರಿಂಜ್ ಇಡುವುದು. ಅರ್ಧ ಒಳಗೆ, ಅರ್ಧ ನನ್ನ ಅಂಗಿಯ ಮೇಲೆ. ಅಂಗಡಿ ತೆರೆಯುವುದು ತಡವಾಗತೊಡಗಿತು. ಕಾರಣ ಕೇಳಿದವರಿಗೆ "ಮನ್ಯಾಗ ಪೇಷಂಟ್ ಅದಾರ್ರಿ" ಎಂದೆ. ಪುರ್ತಗೇರಿಯ ಹಳೆಯ ಗಿರಾಕಿಯೊಬ್ಬರು ಮೋಸಂಬಿ ಕಟ್ಟಿಕೊಂಡು ನೋಡಲಿಕ್ಕೇ ಬಂದರು. ಒಳಗೆ ಕರೆದುಕೊಂಡು ಹೋಗಿ ಡಬ್ಬಿ ತೋರಿಸಿದೆ. ಅವರು ಗಂಭೀರವಾಗಿ ಪಕ್ಕದಲ್ಲಿ ಕುಳಿತರು. ಚಹಾ ಕುಡಿದರು. "ಗುಣಾ ಆಗ್ತೈತಂತೇನ್ರಿ?" ಎಂದು ತಗ್ಗಿದ ದನಿಯಲ್ಲಿ ಕೇಳಿ ಎದ್ದು ಹೋದರು. ಮೋಸಂಬಿಯನ್ನು ಬೀಗರು ಮುಟ್ಟಲಿಲ್ಲ. ನಾವು ತಿಂದೆವು.

ಇಲ್ಲಿ ನನ್ನ ವಿಷಯ ಒಂದು ಹೇಳಬೇಕು. ಈ ಊರಿನ ಮದುವೆಗಳಲ್ಲಿ ಉಪಚಾರಕ್ಕೆ ನಿಲ್ಲಲು ನನ್ನನ್ನು ಕರೆಯುತ್ತಾರೆ. ಬೀಗರ ಪಂಕ್ತಿಗಂತೂ ನಾನೇ ಬೇಕು. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದವರಿಗೆ ಕೈಗಳ ಸಂದಿಯಿಂದ ಹೋಳಿಗೆ ಜಾರಿಸಿದ್ದೇನೆ. ಒಲ್ಲೆ ಎಂದರೆ ಇನ್ನೊಂದು ಬೇಕು ಎಂದರ್ಥ, ಬೇಡವೇ ಬೇಡ ಎಂದರೆ ಎರಡು ಬೇಕು ಎಂದರ್ಥ. ಇದರ ಜೊತೆಗೆ ಅಂಗಡಿಯ ಅಭ್ಯಾಸ ಬೇರೆ. ಗಿರಾಕಿ ಒಂದು ಸೀರೆ ಒಲ್ಲೆ ಎಂದರೆ ಹತ್ತು ಬಿಚ್ಚಿ ಹಾಸಬೇಕು.

ಹಾಸಿದೆ. ಡಬ್ಬಿಯ ಮುಂದೆ ಕೊತ್ತಂಬರಿ, ಅದರ ಪಕ್ಕಕ್ಕೆ ಗಜ್ಜರಿ, ಸೌತೆಕಾಯಿ, ಡಬ್ಬು ಮೆಣಸಿನಕಾಯಿ, ಕೊಣ್ಣೂರ ಪೇರಲಹಣ್ಣಿನ ಹೋಳು. ಎಲ್ಲವನ್ನೂ ತೊಳೆದು, ಸೋಸಿ, ಸಣ್ಣಗೆ ಹೆಚ್ಚಿ. ನಾನು ಮುಂದೆ ಕುಕ್ಕರಗಾಲಲ್ಲಿ, ಹೆಂಡತಿ ಹಿಂದೆ ಬಗ್ಗಿಕೊಂಡು.

"ತಗೋರಿ ಬೀಗರ. ಇದೊಂದ್ ಎಸಳ. ನನ್ನ ಸಲುವಾಗಿ."

ಬೀಗರು ಕಲ್ಲಿನಂತೆ ಕುಳಿತರು.

"ಬರೇ ರುಚಿ ನೋಡ್ರಿ. ನೋಡಾಕೇನೈತಿ?"

ಹಿಂದೆ ಸರಿದರು. ನಾನು ಮುಂದೆ ಸರಿದೆ. ಅವರು ಡಬ್ಬಿಯ ಮೂಲೆಗೆ ಮುಖ ಹಾಕಿ, ಹಿಂಭಾಗ ನನ್ನ ಕಡೆ ಮಾಡಿದರು. ಇಷ್ಟು ವರ್ಷದ ಉಪಚಾರದಲ್ಲಿ ಇಂಥ ಉತ್ತರ ನನಗೆ ಯಾವ ಬೀಗರಿಂದಲೂ ಬಂದಿರಲಿಲ್ಲ.

ಪಕ್ಕದ ಮನೆಯ ಮೌಲಾಸಾಬ, ಮಗ್ಗ ನೇಯುವವನು, ನಮ್ಮ ಅಂಗಡಿಗೆ ಸೀರೆ ಕೊಡುವವನು, ಹಿತ್ತಲ ಪುದೀನಾ ಹಿಡಿದು ಬಂದ. ಈಗ ಬಗ್ಗಿ ನಿಂತವರು ಮೂವರಾದರು.

"ಕಾಕಾ, ಸೀರಿ ಆಗಿದ್ರ ಇಷ್ಟೊತ್ತಿಗೆ ಮಾರಿ ಬಿಟ್ಟಿರ್ತಿದ್ರಿ."

"ಸೀರಿ ಉಡೋರು ಒಲ್ಲೆ ಅಂದ್ರ ಉಳೀತಾರಪಾ. ಇವರು ಉಳ್ಯಾಂಗಿಲ್ಲ" ಎಂದೆ. ಮೌಲಾಸಾಬ ನಗಲಿಲ್ಲ. ನಾನೂ ನಗೆಗೆ ಹೇಳಿರಲಿಲ್ಲ.

ಸುಮಾ ಫೋನ್ ಮಾಡುತ್ತಿದ್ದಳು. "ತಿಂತೇನಪ್ಪಾ?"

"ವಿಚಾರ ಮಾಡಾಕತ್ತೈತಿ."

"ಖರೇ ಹೇಳು."

"ಖರೇನವಾ, ವಿಚಾರದಾಗ ಐತಿ."

ಡ್ರಾಪ್ಸಿನಿಂದ ವಸಡಿನ ರಕ್ತ ನಿಂತಿತು. ಬಾವು ಸ್ವಲ್ಪ ಇಳಿಯಿತು. ಆದರೆ ಟವೆಲ್ ಕಂಡರೆ ನಡುಗುತ್ತಿದ್ದರು. ನಮ್ಮ ಹೆಜ್ಜೆಯ ಸಪ್ಪಳಕ್ಕೆ ಮೊದಲು ಕುಂಯ್ ಎನ್ನುತ್ತಿದ್ದವರು ಈಗ ಅದೇ ಸಪ್ಪಳಕ್ಕೆ ಡಬ್ಬಿಗೆ ಹಾಸಿದ ಒಣಹುಲ್ಲಿನಡಿ ತಲೆ ತೂರಿಸುತ್ತಿದ್ದರು. ಆರೈಕೆ ಮಾಡುವವರ ಆಯಾಸ ಎಲ್ಲಿರುತ್ತದೆ ಎಂದು ನನಗೆ ಆಗ ತಿಳಿಯಿತು. ಅದು ಕೈಕಾಲಿನಲ್ಲಿರುವುದಿಲ್ಲ. ನಾವು ಒಳ್ಳೆಯದು ಮಾಡುತ್ತಿದ್ದೇವೆಂದು ನಮಗಷ್ಟೇ ಗೊತ್ತು, ಅದು ಗೊತ್ತಾಗಬೇಕಾದವರಿಗೆ ನಾವು ಬರೀ ಟವೆಲ್ಲು ಮತ್ತು ಸಿರಿಂಜು.

ಹೆಂಡತಿ ಒಂದು ದಿನ ಹೆಚ್ಚಿದ ತರಕಾರಿಯನ್ನೆಲ್ಲ ಎತ್ತಿ ಎದುರು ಮನೆಯ ಎಮ್ಮೆಯ ಬಾನಿಗೆ ಹಾಕಲು ಹೊರಟು, ಬಾಗಿಲಲ್ಲಿ ನಿಂತಳು. "ನನ್ನ ಕೈಯಾಗ ಆಗವಲ್ದರಿ. ಸುಮಾಗ ಏನ್ ಹೇಳೂಣು?"

ಅಂದು ಅಂಗಡಿ ತೆರೆಯಲಿಲ್ಲ. ಮಧ್ಯಾಹ್ನ ಮೀರಿತ್ತು. ಡಬ್ಬಿ ಝಾಡಿಸಿ ಬಿಸಿಲಿಗೆ ಇಟ್ಟಿದ್ದೆವು, ಬೀಗರನ್ನು ಪಡಸಾಲೆಯ ಮೂಲೆಗೆ ಗೋಣಿಚೀಲದ ಮೇಲೆ ಬಿಟ್ಟಿದ್ದೆವು. ಕರೆಯಲಿಲ್ಲ, ಮಾತನಾಡಿಸಲಿಲ್ಲ. ಸುಮ್ಮನೆ ನಮ್ಮ ನಮ್ಮ ತಾಟು ಹಿಡಿದು ನೆಲಕ್ಕೆ ಕುಳಿತೆವು. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ನಡುವೆ ಲಕ್ಕಲಕಟ್ಟಿಯಿಂದ ಸೊಪ್ಪು ಮಾರಲು ಬರುವ ಹೆಣ್ಣುಮಗಳು ಕೊಟ್ಟು ಹೋದ ಹಕ್ಕರಕಿ ಸೊಪ್ಪಿನ ಸಿವುಡು. ಹಕ್ಕರಕಿಯನ್ನು ನಾವು ಹೆಚ್ಚುವುದಿಲ್ಲ, ಬೇಯಿಸುವುದಿಲ್ಲ. ಬೇರು ಕಿತ್ತು, ರೊಟ್ಟಿಯ ಜೊತೆ ಹಸಿಯಾಗೇ ಕಚ್ಚುತ್ತೇವೆ.

ತಲೆ ಬಗ್ಗಿಸಿ ಉಂಡೆವು. ನಾನು ಹಕ್ಕರಕಿ ಕಚ್ಚಿದ ಸಪ್ಪಳವೊಂದೇ.

ಇನ್ನೊಂದು ಸಪ್ಪಳ.

ನನ್ನ ಮೊಣಕಾಲಿನ ಪಕ್ಕ. ತಿರುಗಿ ನೋಡಲು ಹೊರಟೆ. ಹೆಂಡತಿ ತುಟಿ ಅಲ್ಲಾಡಿಸದೆ ಹೇಳಿದಳು, "ನೋಡಬ್ಯಾಡ್ರಿ. ಆ ಕಡೆ ಮಾರಿ ಮಾಡ್ರಿ."

ಗೋಡೆಯ ಕಡೆ ಮುಖ ಮಾಡಿದೆ. ಬಾಯಲ್ಲಿದ್ದದ್ದನ್ನು ನುಂಗಲೂ ಹೆದರಿಕೆ. ತಾಟಿನ ಅಂಚಿನಿಂದ ಒಂದು ಎಸಳು ಜಗ್ಗಿದಂತಾಯಿತು. ಕಚಕಚ ಕಚಕಚ. ನಿಂತಿತು. "ಇನ್ನೊಂದು ತಗೋರಿ" ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಜನ್ಮದ ಚಟ. ಹಲ್ಲು ಕಚ್ಚಿ ತಡೆದೆ. ಮತ್ತೊಂದು ಎಸಳು ಜಗ್ಗಿತು.

ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡದ್ದು ಓರೆಗಣ್ಣಿಗೆ ಕಂಡಿತು. ಎಣ್ಣೆಗಾಯಿಯ ಖಾರ ಎಂದಳು. ಅಂದಿನ ಎಣ್ಣೆಗಾಯಿಗೆ ಖಾರ ಕಡಿಮೆಯಾಗಿತ್ತು.

ಡಾಕ್ಟರಿಗೆ ಹೇಳಿದೆ. "ಮರಿ ಇದ್ದಾಗ ತಾಯಿ ತಿನ್ನೂದು ನೋಡಿ ಕಲೀತಾವ್ರಿ" ಎಂದರು. "ಇದರ ಮುಂದ ಯಾರೂ ಹಸೀದು ತಿಂದ ತೋರಿಸಿರಾಕಿಲ್ಲ. ಮತ್ತ ಮ್ಯಾಲೆ ಬಗ್ಗಿ ನಿಂತ್ರ ಹದ್ದು ಬಂತು ಅಂತ ತಿಳೀತಾವು." ಅಂದರೆ ನಾನು ಕೈಮುಗಿದು ಮಾಡಿದ ಉಪಚಾರವೆಲ್ಲ ಬೀಗರ ಲೆಕ್ಕದಲ್ಲಿ ಹದ್ದಿನ ಉಪಚಾರ. ಇದನ್ನು ಅರಗಿಸಿಕೊಳ್ಳಲು ನನಗೆ ಸ್ವಲ್ಪ ಸಮಯ ಹಿಡಿಯಿತು. ಮದುವೆಗಳಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿದ ಕೆಲವರ ಮುಖ ಈಗಲೂ ನೆನಪಾಗುತ್ತದೆ.

ಅಂದಿನಿಂದ ಊಟ ನೆಲದ ಮೇಲೆ, ಗೋಡೆಗೆ ಮುಖ ಮಾಡಿ, ತಾಟಿನ ಅಂಚಿಗೆ ಹಸಿ ಸೊಪ್ಪು ಇಟ್ಟುಕೊಂಡು. ನನ್ನ ಮೊಣಕಾಲು ಏಳುವಾಗ ತಕರಾರು ಮಾಡುತ್ತದೆ. ಕೊತ್ತಂಬರಿಯ ದಂಟು, ಮೂಲಂಗಿಯ ಎಲೆ ಎಲ್ಲವನ್ನೂ ಮೊದಲು ನಾನು ಕಚ್ಚಿ ತೋರಿಸಬೇಕು. ಒಮ್ಮೆ ಮೌಲಾಸಾಬ ಊಟದ ಹೊತ್ತಿಗೆ ಬಂದವನು ಹೊಸ್ತಿಲಲ್ಲೇ ನಿಂತ. ಗಂಡ ಒಂದು ಗೋಡೆಗೆ, ಹೆಂಡತಿ ಒಂದು ಗೋಡೆಗೆ.

"ಏನ್ರಿ ಕಾಕಾ, ಕಾಕೂ ಜೋಡಿ ಮಾತ ಬಿಟ್ಟೀರಿ?"

"ಸುಮ್ಮನ ಕುಂದರಪಾ. ಬೀಗರು ಉಣ್ಣಾಕತ್ತಾರ."

ಅವನೂ ಕುಳಿತ. ಮೂರನೆಯ ಗೋಡೆಯ ಕಡೆ ಮುಖ ಮಾಡಿ.

ಪರೀಕ್ಷೆ ಮುಗಿಸಿ ಸುಮಾ ಬಂದಿದ್ದಾಳೆ. ಬಂದವಳೇ ಡಬ್ಬಿಯ ಮೇಲೆ ಬಗ್ಗಿದಳು, ಅವಳ ತಾಯಿ ಜಡೆ ಹಿಡಿದು ಹಿಂದೆ ಎಳೆದಳು. ಡ್ರಾಪ್ಸ್ ನಿಲ್ಲಿಸಲು ಡಾಕ್ಟರು ಹೇಳಿದ್ದಾರೆ. ಗುಣವಾಯಿತು ಎಂದು ನಾನು ಎಲ್ಲಿಯೂ ಹೇಳಿಕೊಂಡಿಲ್ಲ.

ಬೀಗರು ಕೊತ್ತಂಬರಿ, ಹಕ್ಕರಕಿ, ಡಬ್ಬು ಮೆಣಸಿನಕಾಯಿ ತಿನ್ನುತ್ತಾರೆ. ಎಡ ಹಿಂಗಾಲು ಇನ್ನೂ ಸ್ವಲ್ಪ ಎಳೆಯುತ್ತದೆ. ಮೆಂತ್ಯ ತಿನ್ನುವುದಿಲ್ಲ.