ಮಾವನವರ ರಿಲೀವರ್

ದೆವ್ವ ಗಿವ್ವ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತಿತ್ತು. ಲಂಡನ್ನಿನ ಕೆಂಟನ್ ಬಡಾವಣೆಯ ಗೆಳತಿಯರು ಅಂಥ ಕಥೆ ಶುರು ಮಾಡಿದರೆ, "ಸಾಕ್ ಮಾಡ್ರೇ, ಚಹಾ ಆರ್ಲಿಕ್ಕತ್ತದ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಹೇಳಹೊರಟಿದ್ದೇನೆ. ನಗುವವರು ನಗಲಿ.

ನಮ್ಮ ಮಾವನವರು ಗದಗಿನ ಕಡೆಯ ಒಂದು ಸಣ್ಣ ರೈಲ್ವೆ ಸ್ಟೇಷನ್ನಿನಲ್ಲಿ ಮಾಸ್ಟರ್ ಆಗಿದ್ದವರು. ಲಂಡನ್ನಿನ ಕ್ವೀನ್ಸ್‌ಬರಿಯ ನಮ್ಮ ಫ್ಲ್ಯಾಟಿಗೆ ಬರುವ ಹೊತ್ತಿಗೆ ಅವರಿಗೆ ಮರೆವಿನ ರೋಗ ಹಿಡಿದಿತ್ತು. ನಿವೃತ್ತರಾದದ್ದೇ ನೆನಪಿರಲಿಲ್ಲ. ಹಳೆಯ ಟ್ರಂಕಿನ ಬೀಗದ ಕೈಗಳನ್ನು ಸ್ಟೇಷನ್ನಿನವೆಂದು ಮುಷ್ಟಿಯಲ್ಲಿ ಹಿಡಿದು, ರಾತ್ರಿಯಿಡೀ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಮಲಗಿರಿ ಎಂದರೆ, "ರಿಲೀವರ್ ಬಂದಿಲ್ಲವ್ವಾ. ಚಾರ್ಜ್ ಕೊಡದ ಹ್ಯಾಂಗ ಮಲಗ್ಲಿ?" ಎನ್ನುವರು. ಮುಂದಿನ ಪಾಳಿಯವರು ಬಂದು ಕೀಲಿ ತೆಗೆದುಕೊಳ್ಳುವತನಕ ಮಾಸ್ಟರ್ ಕದಲುವಂತಿಲ್ಲ. ಒಮ್ಮೆ ನನ್ನ ಗಂಡ ತಾನೇ ರಿಲೀವರ್ ಎಂದು ಹೋಗಿ ನಿಂತ. "ಪೈಜಾಮದಾಗ ಡ್ಯೂಟಿಗೆ ಬಂದಿಯೇನಪಾ? ನಡೀ ಹೊರಗ!" ಎಂದು ಗದರಿಸಿಬಿಟ್ಟರು. ಇಬ್ಬರೂ ನಕ್ಕೆವು. ಆಮೇಲೆ ನಾನು ಅಡುಗೆಮನೆಯಲ್ಲಿ ಅತ್ತುಬಿಟ್ಟೆ. ಜಿಪಿ ಡಾಕ್ಟರು ಕೊಟ್ಟ ಮಾತ್ರೆಯೂ ನಾಟಲಿಲ್ಲ. ನಿದ್ದೆಯಿಲ್ಲದೆ ಮನುಷ್ಯ ಕಡ್ಡಿಯಾಗಿದ್ದರು.

ರೈಲು ನೋಡಿದರೆ ಮನಸ್ಸು ಹಗುರಾದೀತೆಂದು ಒಂದು ಭಾನುವಾರ ಮಧ್ಯಾಹ್ನ ಅವರನ್ನು ಲಂಡನ್ನಿನ ಅಂಚಿನ ಹಳ್ಳಿ ಸ್ಟೇಷನ್ನೊಂದಕ್ಕೆ ಕರೆದೊಯ್ದೆವು. ಎಂದೋ ಮುಚ್ಚಿಹೋದ ಆ ಲೈನನ್ನು ಊರಿನ ನಿವೃತ್ತರು ಸೇರಿ ಉಳಿಸಿಕೊಂಡು, ರಜಾದಿನಗಳಲ್ಲಿ ಉಗಿಬಂಡಿ ಓಡಿಸುತ್ತಾರೆ. ಬೆಂಚಿಗೆ ಬಣ್ಣ ಬಳಿಯುತ್ತಿದ್ದ ಮಾರ್ಗರೆಟ್ ಎಂಬ ಅಜ್ಜಿ ನಮಗೆ ಸ್ಟೇಷನ್ನಿನ ಕಥೆ ಹೇಳಿದಳು. ಹಿಂದೆ ಅಲ್ಲಿಂದ ಪೇಟೆಗೆ ಹಾಲಿನ ಕ್ಯಾನುಗಳು ಹೋಗುತ್ತಿದ್ದವಂತೆ. ಲೈನ್ ಮುಚ್ಚಿದ ದಿನ ಕೊನೆಯ ಮಾಸ್ಟರ್, ಚಾರ್ಜ್ ಕೊಡಲು ಯಾರೂ ಇಲ್ಲದೆ, ತಮ್ಮ ಕೋಣೆಯಲ್ಲಿ ಬಹಳ ಹೊತ್ತು ಕೂತಿದ್ದು ಎದ್ದು ಹೋದರಂತೆ.

ನಾವು ಮಾತಾಡುತ್ತಿರುವಾಗಲೇ ಮಾವನವರು ಕೀಲಿಗಳನ್ನು ಮುಷ್ಟಿಯಲ್ಲಿ ಹಿಡಿದೇ ನೆಟ್ಟಗೆ ಮಾಸ್ಟರರ ಕೋಣೆಗೆ ನಡೆದು ಬಾಗಿಲು ಮುಂದೆ ಮಾಡಿಕೊಂಡರು. ಓಡಿಹೋಗಿ ಬಾಗಿಲ ಬಳಿ ನಿಂತೆ. ಒಳಗಿನಿಂದ ಅವರ ದನಿ ಕೇಳಿತು. "ಬರ್ರಿ, ಬರ್ರಿ. ಎಷ್ಟ್ ತಡಾ ಮಾಡಿದ್ರಿ!" ಮತ್ತೆ, "ಲೈನ್ ಕ್ಲಿಯರ್ ಅದ. ದೀಪಕ್ಕ ಎಣ್ಣಿ ಹಾಕೇನಿ. ತಗೋರಿ."

ಬಾಗಿಲು ತೆರೆದು ಹೊರಬಂದು ನನ್ನ ತೋಳು ಹಿಡಿದುಕೊಂಡರು. ಆಮೇಲೆ ಒಳಗೆ ಕುರ್ಚಿ ಎಳೆದ ಸದ್ದಾಯಿತು. ಆಮೇಲೆ, ಅವರು ಹೊರಬಂದ ಮೇಲೆ! ಇಣುಕಿದೆ. ಒಂದು ಮೇಜು, ಒಂದು ಕುರ್ಚಿ, ನರಪಿಳ್ಳೆ ಇಲ್ಲ. ಇದ್ದದ್ದು ಅದೊಂದೇ ಬಾಗಿಲು, ಕಿಟಕಿಗೆ ಹಲಗೆ ಹೊಡೆದಿತ್ತು. ಮಾವನವರ ಕೈಯಲ್ಲಿ ಕೀಲಿಗಳೂ ಇರಲಿಲ್ಲ. ನಾನು, ಗಂಡ, ಮಾರ್ಗರೆಟ್ ಮೂವರೂ ಮಂಡಿಯೂರಿ ಹುಡುಕಿದೆವು, ಅವರ ಜೇಬುಗಳನ್ನೂ ತಿರುವಿ ನೋಡಿದೆವು. ಸಿಗಲಿಲ್ಲ. ಎಲ್ಲೋ ಬಿದ್ದಿರಬೇಕು ಎಂದು ಗಂಡ ಇಂದಿಗೂ ಹೇಳುತ್ತಾನೆ. ಸರಿ, ಕುರ್ಚಿಯ ಸದ್ದು?

ಆ ರಾತ್ರಿಯಿಂದ ಮಾವನವರು ಮಂಚದ ಮೇಲೆ ಮಲಗಿದರು. ತೀರಿಕೊಳ್ಳುವವರೆಗೂ ಮತ್ತೊಮ್ಮೆ ರಿಲೀವರ್ ಎನ್ನಲಿಲ್ಲ. ಚಾರ್ಜ್ ತೆಗೆದುಕೊಂಡವರು ಯಾರೆಂದು ನನಗೆ ತಿಳಿಯದು. ಅಂದು ಕಾರಿನಲ್ಲಿ ಮನೆಗೆ ಬರುವಾಗ ಮಾವನವರು ನನ್ನತ್ತ ತಿರುಗಿ, ಒಂದು ವರ್ಷದ ಮೇಲೆ ಮೊದಲ ಸಲ ನನ್ನ ಹೆಸರು ಹಿಡಿದು ಕರೆದರು. "ಭಾಳ ಸೊರಗಿಯಲ್ಲವ್ವಾ," ಎಂದರು. "ನಾ ಡ್ಯೂಟಿಯೊಳಗಿದ್ದೆ, ನೋಡ್ಲೇ ಇಲ್ಲ."