ಕಹಿ ಹತ್ತಿದ ಚಹಾ

ಆ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ವೈನಿ ಕೊಟ್ಟ ಚಹಾ ಕಹಿ ಹತ್ತಿತು. ಸಕ್ಕರೆ ಸಾಕಷ್ಟಿತ್ತು, ಆದರೂ ನಾಲಿಗೆಯ ಹಿಂದೆ ಏನೋ ಉಳಿದ ಹಾಗಿತ್ತು. ಮರುದಿನವೂ ಅದೇ ರುಚಿ. ಬೇರೆ ಯಾರಾದರೂ ಆಗಿದ್ದರೆ ಕೇಳಿಬಿಡುತ್ತಿದ್ದರು. ನನಗೆ ಧೈರ್ಯವಾಗಲಿಲ್ಲ.

ಯಾಕೆಂದರೆ ನನ್ನ ಕಾಯಿಲೆ ಶುರುವಾದದ್ದೇ ಹೀಗೆ. ಕೆಲವು ವರ್ಷಗಳ ಹಿಂದೆ, ಅಣ್ಣನ ಹೆಂಡತಿಯಾದ ಇದೇ ವೈನಿ ಅನ್ನದಲ್ಲಿ ವಿಷ ಬೆರೆಸುತ್ತಾರೆಂದು ನಂಬಿದ್ದೆ. ಗೋಡೆಯಾಚೆಯಿಂದ ಯಾರೋ ಹಾಗೆ ಹೇಳುತ್ತಲೂ ಇದ್ದರು. ಆಳಂದದ ಮನೆಯಲ್ಲಿ ಊಟ ಬಿಟ್ಟು ಜಿಡಗಾ ಮಠದ ದಾಸೋಹಕ್ಕೆ ಹೋಗುತ್ತಿದ್ದೆ. ಎಲ್ಲರಿಗೂ ಒಂದೇ ಕೊಪ್ಪರಿಗೆಯ ಸಾರು. ನನಗೊಬ್ಬಳಿಗೇ ವಿಷ ಹಾಕಲು ಬರುವುದಿಲ್ಲವಲ್ಲ. ಕಡೆಗೆ ಡಾಕ್ಟರು ಅದನ್ನು ಸ್ಕಿಜೋಫ್ರೇನಿಯಾ ಎಂದರು. ಗುಳಿಗೆ ನುಂಗತೊಡಗಿದ ಮೇಲೆ ದನಿಗಳು ನಿಂತವು. ಮತ್ತೆ ಹೊಲಿಗೆ ಮಷಿನ್ ಮುಂದೆ ಕೂತೆ.

ಈಗ ಕಾಯಿಲೆ ತಿರುಗಿ ಬಂತೇ, ಇಲ್ಲಾ ಚಹಾದಲ್ಲೇ ಏನಾದರೂ ಇದೆಯೇ? ಯಾವುದಕ್ಕೆ ಹೆಚ್ಚು ಹೆದರಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಹಗಲೆಲ್ಲ ತೂಕಡಿಕೆ ಶುರುವಾಯಿತು. ಕೈ ನಡುಗಿ ಹೊಲಿಗೆ ಸೊಟ್ಟ ಬೀಳತೊಡಗಿತು. ವೈನಿ ಬಾಗಿಲ ಸಂದಿಯಿಂದ ನನ್ನನ್ನೇ ನೋಡುತ್ತಿದ್ದರು.

ಒಂದು ದಿನ ಪಕ್ಕದ ಮನೆಯ ಆಪಾ ತಮ್ಮ ಬ್ಲೌಸು ಹಿಡಿದು ಬಂದರು. "ಏನಾತು ತಂಗಿ, ಒಂದು ತೋಳು ಮ್ಯಾಲ, ಒಂದು ಕೆಳಗ ಆಗೇದಲ್ಲ?"

ಮಷಿನ್ ಪಕ್ಕದಲ್ಲಿದ್ದ ನನ್ನ ಚಹಾದ ಕಪ್ಪನ್ನು ಅವರ ಮುಂದೆ ಹಿಡಿದೆ. "ಆಪಾ, ಒಂದು ಗುಟುಕು ಕುಡದು ನೋಡ್ರಿ."

ಅವರು ಕುಡಿದು ಮುಖ ಕಿವಿಚಿದರು. "ಥೂ, ಏನ್ ಕಹಿ ಅದ!"

ನನ್ನ ನಾಲಿಗೆ ಸುಳ್ಳು ಹೇಳಿರಲಿಲ್ಲ! ಆ ಸಂತೋಷ ಒಂದು ಕ್ಷಣ. ಹಾಗಾದರೆ ಚಹಾದಲ್ಲಿ ನಿಜಕ್ಕೂ ಏನೋ ಇದೆ.

ಆಪಾ ಹೋದ ಮೇಲೆ ಅಡುಗೆಮನೆಗೆ ಹೋದೆ. "ವೈನಿ, ಚಹಾದಾಗ ಏನ್ ಹಾಕಾಕತ್ತೀರಿ?"

"ಏನಿಲ್ಲ. ನಿನಗ ಮತ್ತ ಹಂಗ ಅನಸಾಕತ್ತೇದೇನು?"

"ಆಪಾಗೂ ಕಹಿ ಹತ್ತೇದ್ರಿ."

ವೈನಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. "ಗುಳಿಗಿ ಅರದು ಹಾಕಾಕತ್ತೇನಿ. ಹಳೇವು ಕಪಾಟಿನಾಗ ಉಳದಿದ್ದವು. ನಿನ್ನ ಮಷಿನ್ ಕೆಳಗ ಒಂದು ಬಿದ್ದಿತ್ತು, ನೀ ನುಂಗದ ಒಗೀತಿ ಅಂತ ತಿಳದೆ. ಮತ್ತ ಆ ದಿನ ಬಂದ್ರ ನನ್ನ ಕೈಲಿ ಆಗಂಗಿಲ್ಲ."

"ಅದು ಕೈಜಾರಿ ಬಿದ್ದದ್ದರೀ. ಅವತ್ತೇ ಇನ್ನೊಂದು ನುಂಗೇನಿ."

ಅಂದರೆ ನನಗೆ ದಿನವೂ ಎರಡು ಪಾಲು ಔಷಧ. ಸಿಟ್ಟಿನ ಜೊತೆಗೇ ನಗು ಬಂತು. ನಗಲಿಲ್ಲ, ಕಾರಣವಿಲ್ಲದೆ ನಗುತ್ತಾಳೆಂದು ಅದನ್ನೂ ಕಾಯಿಲೆಯ ಲೆಕ್ಕಕ್ಕೆ ಸೇರಿಸಿಯಾರು.

ಅಣ್ಣ ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರಮ್ಮ ವೈನಿಗೆ, "ಎದುರಿಗೇ ಕೊಡ್ರಿ, ಕದ್ದು ಕೊಡಬ್ಯಾಡ್ರಿ. ಹಿಂಗಾದ್ರ ಇವರು ಔಷಧನೇ ಬಿಟ್ಟಾರು," ಎಂದರು. ಅನುಮಾನ ಬಂದ ಮೊದಲ ದಿನವೇ ಹೇಳಬೇಕಿತ್ತೆಂದು ನನಗೂ ಬೈದರು. ಮೆಲ್ಲಗೆ ಕೈ ನಡುಕ ನಿಂತಿತು. ಈಗ ವೈನಿಯ ಎದುರಿಗೇ ಗುಳಿಗೆ ನುಂಗುತ್ತೇನೆ. ಅವರು ನನ್ನ ಗಂಟಲು ನೋಡುತ್ತಾರೆ. ನಾನು ಅವರ ಕಣ್ಣು ನೋಡುತ್ತೇನೆ.

ಹೋದ ತಿಂಗಳು ಅತನೂರಿನ ಚಿಕ್ಕಮ್ಮನ ಮನೆಗೆ ಒಬ್ಬಳೇ ಹೋಗಿದ್ದೆ. ಸಂಜೆ ವೈನಿಯ ಫೋನ್ ಬಂತು. ಬಿಸಿಲು ಹೆಂಗದ, ಊಟ ಆತೇನು ಎಂದೆಲ್ಲ ಕೇಳಿದರು, ಗುಳಿಗೆಯ ಮಾತು ಮಾತ್ರ ಎತ್ತಲಿಲ್ಲ.

"ಗುಳಿಗಿ ನುಂಗೇನ್ರಿ," ಎಂದೆ ನಾನೇ.

ವೈನಿ ಕೇಳಿದರು, "ಖರೇನೇನು?"