‘ನಮ್ಮವರಲ್ಲ’ ಎಂದ ವೈನಿ

ನೆಲಮಾಳಿಗೆಯ ಬಾಗಿಲು ಎಷ್ಟು ಗಿಡ್ಡವಾಗಿತ್ತೆಂದರೆ ತಲೆ ಬಗ್ಗಿಸದೆ ಒಳಗೆ ಹೋಗುವ ಹಾಗೇ ಇರಲಿಲ್ಲ. ಬಗ್ಗಿ ಒಂದು ಮೆಟ್ಟಿಲು ಇಳಿದೆ, ಅಷ್ಟರಲ್ಲಿ ಒದ್ದೆ ಕಲ್ಲಿನ ವಾಸನೆ ಮೂಗಿಗೆ ಬಡಿಯಿತು. ಬಹಳ ಕಾಲ ನೀರು ನಿಂತು, ಇಳಿದು, ಮತ್ತೆ ನಿಂತ ಕಲ್ಲಿಗೆ ಬರುತ್ತದಲ್ಲ, ಆ ವಾಸನೆ. ಕಲ್ಲಿನ ಖಣಿಗಳಿರುವ ತಾಂಡೂರಿನ ಆಸುಪಾಸು ಹುಟ್ಟಿದವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗೋಡೆ ಹಿಡಿದು ನಿಂತೆ.

ಮಗಳು ಮನಿಲಾದಲ್ಲಿ ಡಾಕ್ಟರ್ ಓದುತ್ತಿದ್ದಾಳೆ. ನಮ್ಮ ಕಡೆಯ ಮಕ್ಕಳಿಗೆ ಈಗ ಮನಿಲಾ ಎಂದರೆ ಹೈದರಾಬಾದಿನ ಇನ್ನೊಂದು ಓಣಿ ಎನ್ನುವಷ್ಟು ಸಲೀಸು. ನಾನೋ ಜಹೀರಾಬಾದಿನ ಶಾಲೆಯಲ್ಲಿ ಪಾಠ ಹೇಳುತ್ತಾ, ತಾಂಡೂರು ಬಿಟ್ಟರೆ ನಾರಾಯಣಖೇಡ, ಅದು ಬಿಟ್ಟರೆ ಬೀದರ್ ಎಂದು ಬದುಕಿದವಳು. ಬೇಸಿಗೆ ರಜೆಯಲ್ಲಿ ಅವಳ ಹಟಕ್ಕೆ ಹೋದೆ. ಸಮುದ್ರ ತೋರಿಸು ಎಂದರೆ ಕೋಟೆ ತೋರಿಸಲು ಕರೆತಂದಳು. ನದಿ ಕಡಲು ಸೇರುವಲ್ಲಿ ಹಿಂದೆ ಸ್ಪೇನಿನವರು ಕಟ್ಟಿದ ಕೋಟೆ. ಬೀದರಿನ ಕೋಟೆ ನೋಡಿದವಳ ಮುಂದೆ ಇದೇನು ಮಹಾ ಎಂದು ನಾನು ಬಾಗಿಲಲ್ಲೇ ಮೂಗು ಮುರಿದಿದ್ದೆ.

ಸೊಂಟಕ್ಕೆ ಸಣ್ಣ ಸ್ಪೀಕರ್ ಕಟ್ಟಿಕೊಂಡ ಹುಡುಗಿಯೊಬ್ಬಳು ಎಲ್ಲವನ್ನೂ ವಿವರಿಸುತ್ತಿದ್ದಳು. ಕಡಲು ಉಬ್ಬಿದಾಗ ನದಿಯ ನೀರು ಸೆರೆಮನೆಯಾಗಿದ್ದ ಈ ಕೋಣೆಗಳಿಗೆ ನುಗ್ಗುತ್ತಿತ್ತಂತೆ. ಆಗಲೂ ಕೈದಿಗಳನ್ನು ಹೊರಗೆ ಬಿಡುತ್ತಿರಲಿಲ್ಲವಂತೆ. ಮಗಳು ಅದನ್ನು ನನಗೆ ಹೇಳುವಾಗ, ಮುಂದಿದ್ದ ಹುಡುಗರು ಕಂಬಿ ಹಿಡಿದು ಕೈದಿಗಳ ಹಾಗೆ ಮುಖ ಮಾಡಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ನೀರು ತುಂಬಿದ ಕಲ್ಲಿನ ಗುಂಡಿಯಲ್ಲಿ ಸತ್ತವರ ಮನೆಯವರನ್ನು ಇವರು ನೋಡಿದ್ದಾರೆಯೇ? ನಾನು ನೋಡಿದ್ದೇನೆ. ನಮ್ಮ ಪಕ್ಕದ ಮನೆಯಲ್ಲೇ ಇದ್ದಳು, ವೈನಿ…

ರಕ್ತಸಂಬಂಧವೇನೂ ಇರಲಿಲ್ಲ. ಆಕೆಯ ಗಂಡನನ್ನು ಓಣಿಯ ಮಕ್ಕಳೆಲ್ಲ ಅಣ್ಣ ಎನ್ನುತ್ತಿದ್ದೆವು, ಅಣ್ಣನ ಹೆಂಡತಿ ನಮ್ಮ ಕಡೆ ವೈನಿ. ಆಕೆ ನಮ್ಮೂರಿಗೆ ಸೊಸೆಯಾಗಿ ಬಂದು ಎರಡು ವರ್ಷವೂ ಆಗಿರಲಿಲ್ಲ, ಅಷ್ಟರಲ್ಲೇ ಊರನ್ನು ಬಾಯಿಯಿಂದ ಗೆದ್ದಿದ್ದಳು. ಸಂತೆಯಲ್ಲಿ ತೆಲುಗು, ಲಾರಿಯವರ ಜೊತೆ ಉರ್ದು, ಬೈಯಲು ಮಾತ್ರ ಅಚ್ಚ ಕನ್ನಡ. ಅಣ್ಣ ಖಣಿಯಲ್ಲಿ ನೆಲಕ್ಕೆ ಹಾಸುವ ಫರ್ಸಿಕಲ್ಲು ಎಬ್ಬಿಸುವವನು. ಸಂಜೆ ಮೈಯೆಲ್ಲ ಬೆಳ್ಳಗೆ ಧೂಳು ಮೆತ್ತಿಕೊಂಡು ಬಂದರೆ ‘ಯಾರ ಮನಿ ದೆವ್ವ ನಮ್ಮನಿಗಿ ಬಂತು ನೋಡ್ರಿ’ ಎಂದು ಓಣಿಗೆಲ್ಲ ಕೇಳುವಂತೆ ಕೂಗಿ ಅಂಗಳದಲ್ಲೇ ನೀರು ಸುರಿಯುತ್ತಿದ್ದಳು. ಅವನು ನಾಚಿ ತಲೆ ಎತ್ತುತ್ತಿರಲಿಲ್ಲ.

ನಾನಾಗ ಎಂಟನೆಯ ತರಗತಿ. ಮಳೆಗಾಲ ಮುಗಿಯುತ್ತಾ ಬಂದಿತ್ತು. ಅಣ್ಣ ದುಡಿಯುತ್ತಿದ್ದ ಖಣಿಗೆ ಹೊಂದಿಕೊಂಡಂತೆ, ಕಲ್ಲು ತೀರಿ ಬಿಟ್ಟುಹೋದ ಹಳೆಯ ಖಣಿಯೊಂದಿತ್ತು. ಅದರ ತುಂಬ ಮಳೆನೀರು. ಎರಡರ ನಡುವೆ ಗೋಡೆಯ ಹಾಗೆ ಒಂದಷ್ಟು ಕಲ್ಲನ್ನು ಕಡಿಯದೆ ಬಿಟ್ಟಿರುತ್ತಾರೆ. ಅದರಲ್ಲೂ ಒಳ್ಳೆಯ ಕಲ್ಲಿದೆ ಎಂದು ಗುತ್ತೇದಾರ ಅದನ್ನೂ ಎಬ್ಬಿಸುತ್ತಾ ಹೋದ. ಒಂದು ಮುಂಜಾನೆ ಆ ಗೋಡೆ ಒಡೆಯಿತು. ಉಳಿದವರು ಚಹಾಕ್ಕೆಂದು ಮೇಲೆ ಹತ್ತಿದ್ದರು. ಕೆಳಗಿದ್ದವರು ಇಬ್ಬರೇ. ಒಬ್ಬ ನಮ್ಮ ಅಣ್ಣ, ಇನ್ನೊಬ್ಬ ಓಣಿಯ ಕೊನೆಯ ಮನೆಯ, ಎಲ್ಲರೂ ಆಯಿ ಎಂದು ಕರೆಯುತ್ತಿದ್ದ ವಿಧವೆಯ ಮಗ. ಆಕೆಗೆ ಅವನೊಬ್ಬನೇ.

ಮೋಟಾರು ಹಚ್ಚಿ ನೀರು ಎತ್ತಿದರು. ಎತ್ತಿದಷ್ಟೂ ಹಳೆಯ ಖಣಿಯಿಂದ ಬಂದು ತುಂಬಿಕೊಳ್ಳುತ್ತಿತ್ತು. ನಾಲ್ಕೈದು ದಿನಕ್ಕೆ ಒಂದು ಹೆಣ ತೇಲಿತು. ಒಂದೇ.

ನಾನು ಅವ್ವನ ಸೆರಗು ಹಿಡಿದು ಹೋಗಿದ್ದೆ, ಹೋಗಬಾರದಿತ್ತು. ಕಲ್ಲಿನ ರಾಶಿಯ ಪಕ್ಕ ತಾಡಪತ್ರಿ ಹಾಸಿ ಮಲಗಿಸಿದ್ದರು. ಮುಖವೆಂಬುದು ಉಳಿದಿರಲಿಲ್ಲ. ಇಬ್ಬರದೂ ಒಂದೇ ಎತ್ತರ, ಇಬ್ಬರದೂ ಅದೇ ಖಾಕಿ ಚಡ್ಡಿ. ಅಣ್ಣನ ತಮ್ಮಂದಿರು ಮೂಗಿಗೆ ಬಟ್ಟೆ ಹಿಡಿದು ದೂರದಿಂದಲೇ ನೋಡಿ, ತಿಳಿಯುತ್ತಿಲ್ಲ ಎಂದು ಕೈ ಆಡಿಸಿದರು. ಆಯಿ ಯಾರ ಮಾತಿಗೂ ಕಾಯಲಿಲ್ಲ. ಓಡಿಬಂದು ಹೆಣದ ಮೇಲೆ ಬಿದ್ದು, ನನ್ನ ಕೂಸೇ ಎಂದು ಅದನ್ನು ತಬ್ಬಿಕೊಂಡಳು. ಪೊಲೀಸಿನವನು ವೈನಿಯ ಕಡೆ ತಿರುಗಿ, ನಿನ್ನ ಗಂಡನೇನೋ ನೋಡಮ್ಮ ಎಂದು ತೆಲುಗಿನಲ್ಲಿ ಕೇಳಿದ. ವೈನಿ ಹೆಣದ ಕಾಲ ಬಳಿ ಕೂತಳು. ತುಂಬ ಹೊತ್ತು ಕೂತಳು. ಆಮೇಲೆ ಎದ್ದು ಕನ್ನಡದಲ್ಲೇ ಹೇಳಿದಳು.

‘ನಮ್ಮವರಲ್ಲರಿ ಇವರು.’

ಆಯಿಯ ಮಗನೆಂದು ಅವತ್ತೇ ಮಣ್ಣು ಮಾಡಿದರು. ಮೋಟಾರು ಇನ್ನೊಂದು ವಾರ ಓಡಿತು. ಮತ್ತೆ ಮಳೆ ಹಿಡಿದು ಖಣಿ ದಂಡೆಯವರೆಗೆ ತುಂಬಿತು. ಗುತ್ತೇದಾರ ಊರು ಬಿಟ್ಟ. ಎರಡನೆಯ ಹೆಣ ಮೇಲೆ ಬರಲೇ ಇಲ್ಲ.

ಹೆಣ ಸಿಗದ ಮೇಲೆ ಊರ ನಾಲಿಗೆಗೆ ಏನು ಅಡ್ಡಿ? ಆತ ಅವತ್ತು ಖಣಿಗೇ ಇಳಿದಿರಲಿಲ್ಲ, ಜಹೀರಾಬಾದಿಗೆ ಹೋಗಿ ಮುಂಬಯಿ ಬಸ್ ಹತ್ತಿದ್ದಾನೆ ಎಂದರು. ಈಕೆಯ ಬಾಯಿಗೆ ಅಂಜಿ ಓಡಿದ ಎಂದೂ ಸೇರಿಸಿದರು. ಮೈದುನರು ಹೆಣ ಕಾಣದೆ ಬಳೆ ಒಡೆಯುವ ಹಾಗಿಲ್ಲ ಎಂದುಬಿಟ್ಟರು. ಹೀಗಾಗಿ ವೈನಿ ಹಸಿರು ಬಳೆ, ಕುಂಕುಮ, ತಾಳಿ ಎಲ್ಲ ಇಟ್ಟುಕೊಂಡೇ ಉಳಿದಳು. ಪಂಚಮಿಗೆ, ಮದುವೆಗೆ ಮುತ್ತೈದೆಯರ ಸಾಲಿನಲ್ಲಿ ಕೂರಿಸಿ ಉಡಿ ತುಂಬುತ್ತಿದ್ದರು. ಕೂರುತ್ತಿದ್ದಳು. ಆ ಜೋರು ನಗು ಮಾತ್ರ ಮತ್ತೆ ಕೇಳಲಿಲ್ಲ. ಪ್ರತಿ ಅಮಾವಾಸ್ಯೆಗೆ ಆಯಿ ಮಗನನ್ನು ಹೂತ ಗುಡ್ಡೆಗೆ ಎಡೆ ಒಯ್ಯುವಾಗ ತಟ್ಟೆ ಹಿಡಿಯುತ್ತಿದ್ದವಳು ವೈನಿ. ಅಡುಗೆಯೂ ಆಕೆಯದೇ. ತನ್ನ ದುಃಖ ಬಿಟ್ಟು ಮುದುಕಿಯನ್ನು ನೋಡಿಕೊಳ್ಳುತ್ತಾಳೆ, ಎಂಥ ದೊಡ್ಡ ಮನಸ್ಸು ಎಂದು ಅದೇ ಊರು ಹೊಗಳುತ್ತಿತ್ತು.

ಎಷ್ಟೋ ವರ್ಷಗಳ ಮೇಲೆ ನಾನು ಬಾಣಂತನಕ್ಕೆ ತವರಿಗೆ ಬಂದಿದ್ದೆ. ಕೂಸಿಗೆ ಎಣ್ಣೆ ಹಚ್ಚಿ ಎರೆಯಲು ದಿನವೂ ವೈನಿಯೇ ಬರುತ್ತಿದ್ದಳು. ಒಂದು ದಿನ ಕಾಲು ಚಾಚಿ ಕೂಸನ್ನು ಮಲಗಿಸಿಕೊಂಡು, ಅದರ ಪಾದ ತಿಕ್ಕುತ್ತಿದ್ದವಳ ಕೈ ನಿಂತಿತು. ಮನೆಯಲ್ಲಿ ನಾವಿಬ್ಬರೇ ಇದ್ದೆವು.

‘ಮುಖ ಹೋದರೂ ಕಾಲು ಹೋಗಂಗಿಲ್ಲ ತಂಗಿ,’ ಎಂದಳು. ‘ಫರ್ಸಿ ಬಿದ್ದು ಹೆಬ್ಬಟ್ಟಿನ ಉಗುರು ಹೋಗಿತ್ತು ಅವರದು. ನಾನೇ ಅರಿಷಿಣ ಹಚ್ಚೀನಿ. ನೋಡಿದ ಕೂಡ್ಲೇ ಗೊತ್ತಾತು.’

‘ಮತ್ತ ಯಾಕ ಅಲ್ಲಂದ್ರಿ, ವೈನಿ?’

‘ಆಕಿ ತಬ್ಬಿಕೊಂಡು ಮಲಗಿಬಿಟ್ಟಿದ್ಲು. ಬಿಡಿಸಾಕ ನನ್ನ ಕೈಲೆ ಆಗಲಿಲ್ಲ. ಇನ್ನೊಂದು ನಾಳಿಗರ ನಾಡದ್ದರ ಮ್ಯಾಲ ಬರ್ತದ, ಅದನ್ನ ನಮ್ಮವರಂತ ತಗೊಂಡ್ರಾತು, ಮಣ್ಣಾಗ ಹೋದ ಮ್ಯಾಲ ಯಾರದಾದ್ರ ಏನು ಅಂದ್ಕೊಂಡೆ… ಅದು ಬರಲೇ ಇಲ್ಲ ನೋಡು.’

ಆಮೇಲೆ ನನ್ನ ಕೈ ಎಳೆದು ಕೂಸಿನ ತಲೆಯ ಮೇಲೆ ಇಡಿಸಿದಳು. ಆಯಿ ಇರುವವರೆಗೆ ಯಾರಿಗೂ ಅನ್ನಕೂಡದು ಎಂದು ಆಣೆ ಮಾಡಿಸಿಕೊಂಡಳು. ಎದ್ದು ನೀರು ಕಾಯಿಸಲು ಹೋದಳು.

ಕೆಲವು ವರ್ಷಗಳ ಹಿಂದೆ ವೈನಿ ಜ್ವರದಲ್ಲಿ ಸತ್ತಳು, ಆಯಿಗಿಂತ ಮೊದಲೇ. ಸುದ್ದಿ ಕೇಳಿ ಓಡಿಹೋದೆ. ಮೈದುನರ ಹೆಂಡಂದಿರು ಹಸಿರು ಸೀರೆ ಉಡಿಸಿ, ಕೈತುಂಬ ಬಳೆ ಇಡಿಸಿ, ಮುಡಿಗೆ ಹೂ ಮುಡಿಸಿದ್ದರು. ಮುತ್ತೈದೆ ಸಾವು, ಪುಣ್ಯವಂತೆ ಎಂದು ಹೆಂಗಸರು ಕಾಲು ಮುಟ್ಟಿ ನಮಸ್ಕರಿಸುತ್ತಿದ್ದರು. ನನಗೆ ಕಿರುಚಬೇಕೆನಿಸಿತು. ಮಸಣಕ್ಕೆ ಬಂದರೆ, ಆಯಿಯ ಮಗನದೆಂದು ಊರು ನಂಬಿದ್ದ ಅಣ್ಣನ ಗುಡ್ಡೆ ಕಣ್ಣೆದುರಿಗೇ ಇತ್ತು, ಅದರ ಪಕ್ಕದಲ್ಲೇ ಕೋಲೂರಿಕೊಂಡು ಆಯಿ ಕೂತಿದ್ದಳು. ‘ನನಗ ನನ್ನ ಮಗನ ಬಾಜೂಕ ಜಾಗ ಅದ,’ ಎಂದು ಅಳುತ್ತಿದ್ದಳು. ‘ಈಕಿಗಿ ಪಾಪ, ಯಾರದಾರ?’ ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಮೈದುನರ ಮನೆತನದ ಗುಡ್ಡೆಗಳಿದ್ದದ್ದು ಮಸಣದ ಇನ್ನೊಂದು ಮೂಲೆಯಲ್ಲಿ. ಅಲ್ಲಿ ವೈನಿಯನ್ನು ಮಣ್ಣು ಮಾಡಿ, ಎಂದಾದರೂ ಗಂಡ ಬಂದರೆ ಇರಲಿ ಎಂದು ಬಲಕ್ಕೆ ಒಂದು ಆಳಿನ ಜಾಗ ಬಿಟ್ಟರು.

ಮಗಳು ಭುಜ ಹಿಡಿದು ನನ್ನನ್ನು ನೆಲಮಾಳಿಗೆಯಿಂದ ಹೊರಗೆ ಕರೆತಂದಳು. ಬಿಸಿಲು ಕಣ್ಣಿಗೆ ಚುಚ್ಚಿತು. ಹುಲ್ಲಿನ ನಡುವೆ ಒಂದು ಬಿಳಿಯ ಶಿಲುಬೆ ಇತ್ತು. ಎರಡನೆಯ ಮಹಾಯುದ್ಧ ಮುಗಿದಾಗ ಆ ಕೋಣೆಗಳಲ್ಲಿ ಕೈದಿಗಳ ನೂರಾರು ಹೆಣಗಳಿದ್ದವಂತೆ. ಗುರುತು ಹಿಡಿಯಲಾಗದೆ ಎಲ್ಲರನ್ನೂ ಒಟ್ಟಿಗೆ ಇಲ್ಲೇ ಹೂತರಂತೆ. ‘ಪಾಪ ಅಮ್ಮಾ, ಯಾರು ಯಾರಂತನೂ ಗೊತ್ತಾಗಿಲ್ಲ,’ ಎಂದಳು ಮಗಳು. ನನಗೆ ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚಾಯಿತು. ಇಲ್ಲಿ ಬಂದವರು ಯಾರು ಬೇಕಾದರೂ ನಿಂತು ನಮ್ಮವರು ಎಂದು ಅಳಬಹುದು.

ಆಯಿ ಹೋದ ವರ್ಷ ತೀರಿಕೊಂಡಳು, ಆಣೆ ಮುಗಿಯಿತು. ಅಲ್ಲೇ ಕಲ್ಲಿನ ಬೆಂಚಿನ ಮೇಲೆ ಕೂತು ಮಗಳಿಗೆ ಎಲ್ಲವನ್ನೂ ಹೇಳಿದೆ. ಅವಳು ಕಣ್ಣೊರೆಸಿಕೊಂಡು, ‘ಹಾಗಿದ್ರ ಈಗಾದ್ರೂ ಊರಾಗ ಹೇಳಮ್ಮಾ,’ ಎಂದಳು. ಹೇಳಬಹುದು. ಆದರೆ ಅಣ್ಣನ ಪಕ್ಕದಲ್ಲಿ ಈಗ ಆಯಿ ಮಲಗಿದ್ದಾಳೆ, ಹೆಣದ ಮೇಲಿಂದ ಅವಳನ್ನು ಎಬ್ಬಿಸುವುದು ಅವತ್ತು ವೈನಿಯ ಕೈಲೇ ಆಗಲಿಲ್ಲ. ವೈನಿಯ ಬಲಕ್ಕೆ ಬಿಟ್ಟ ಜಾಗದಲ್ಲಿ ಹುಲ್ಲು ಬೆಳೆದಿದೆ. ಮೈದುನರು ಇವತ್ತಿಗೂ ಅಲ್ಲಿ ಇನ್ನೊಬ್ಬರನ್ನು ಹೂಳಲು ಬಿಡುವುದಿಲ್ಲ, ಅಣ್ಣ ಬರುತ್ತಾನೆ ಎನ್ನುತ್ತಾರೆ.